ದೇವರ ಮನೆಯಲ್ಲಿಟ್ಟ ಮಾತ್ರೆ

ಹೋದ ತಿಂಗಳು ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಗೃಹಪ್ರವೇಶವಿತ್ತು. ಊಟ ಮುಗಿಸಿ ಹೊರಟಾಗ ಮನೆಯಾಕೆ ಬಂದವರಿಗೆಲ್ಲ ಅರಿಶಿನ ಕುಂಕುಮದ ಜೊತೆ ಒಂದೊಂದು ತಾಮ್ರದ ಬಾಟಲಿ ಕೊಡುತ್ತಿದ್ದರು. “ರಾತ್ರಿ ನೀರು ತುಂಬಿಡಿ, ಬೆಳಿಗ್ಗೆ ಎದ್ದು ಖಾಲಿ ಹೊಟ್ಟೇಲಿ ಕುಡೀರಿ. ಯಾವ ಕಾಯಿಲೇನೂ ಹತ್ರ ಸುಳಿಯಲ್ಲ” ಎಂದು ಪ್ರತಿಯೊಬ್ಬರಿಗೂ ಅದೇ ಪಾಠ. ನನ್ನ ಸರದಿ ಬಂದಾಗ ಬೇಡ ಅಂದೆ. “ಅಯ್ಯೋ, ಶುಭದ ದಿನ ಕೊಟ್ಟಿದ್ದನ್ನ ಬೇಡ ಅನ್ಬಾರ್ದು” ಎಂದು ಆಕೆ ಬಾಟಲಿಯನ್ನು ಕೈಗೆ ತುರುಕಿದರು. “ಬೇಡ ಅಂದ್ನಲ್ಲ!” ಎಂದು ನಾನು ಹೇಳಿದ್ದು ಊಟದ ಪಂಕ್ತಿಯವರೆಗೂ ಕೇಳಿಸಿರಬೇಕು, ಪಾಯಸ ಬಡಿಸುತ್ತಿದ್ದವನು ಸೌಟು ಹಿಡಿದು ಹಾಗೇ ನಿಂತ. ಬಾಟಲಿಯನ್ನು ಅಲ್ಲೇ ಕುರ್ಚಿಯ ಮೇಲಿಟ್ಟು ಹೊರಗೆ ಬಂದೆ. ಮನೆಯ ಪಕ್ಕದ ಓಣಿಯಲ್ಲಿ ಇಬ್ಬರು ಹೆಂಗಸರು ಹುಣಸೆಹಣ್ಣು ಹಚ್ಚಿ ಪೂಜೆಯ ತಾಮ್ರದ ಪಾತ್ರೆ ತಿಕ್ಕುತ್ತಿದ್ದರು. ಆ ಹುಳಿ ವಾಸನೆ ಮೂಗಿಗೆ ಬಡಿಯಿತು.

ನನಗೆ ಐವತ್ತು ದಾಟಿದೆ. ಬಿ.ಪಿ. ಇದೆ, ಸಿಟ್ಟು ಮಾಡಿಕೊಳ್ಳಬೇಡಿ ಎಂದು ಹೇಳಿದ್ದಾರೆ. ಆದರೆ ಆ ವಾಸನೆ ಬಂದರೆ ನನಗೆ ಒಂದು ವರ್ಷ ಪೂರ್ತಿ ನೆನಪಾಗುತ್ತದೆ, ನೆನಪಾದರೆ ಸಿಟ್ಟು ಬಂದೇ ಬರುತ್ತದೆ. ಅದರಲ್ಲೂ ಆ ಗೃಹಪ್ರವೇಶದ ಮನೆ ಇದ್ದದ್ದು, ಆ ವರ್ಷ ನಾವು ಎಡತಾಕಿದ ಕ್ಲಿನಿಕ್ ಇದ್ದ ರಸ್ತೆಯಲ್ಲೇ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವು ಭದ್ರಾವತಿಯ ನ್ಯೂಟೌನಿನಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಇದ್ದೆವು. ಅಪ್ಪ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತರು. ನಾನು ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನ ಆಫೀಸಿನಲ್ಲಿ ಟೈಪಿಸ್ಟ್. ತಂಗಿ ಸವಿತ ಸೆಕೆಂಡ್ ಪಿಯುಸಿ. ನನಗಿಂತ ಆರು ವರ್ಷಕ್ಕೆ ಚಿಕ್ಕವಳು, ಬಾಯಲ್ಲಿ ಅರವತ್ತು ವರ್ಷಕ್ಕೆ ದೊಡ್ಡವಳು. ಯಾರನ್ನು ಬೇಕಾದರೂ ಅಣಕಿಸುತ್ತಿದ್ದಳು. ಪಕ್ಕದ ಮನೆಯ ಸೆಲ್ವಿಯಕ್ಕನ ತಮಿಳು ಬೆರೆತ ಕನ್ನಡ, ಶಿವಮೊಗ್ಗ ಬಸ್ಸಿನ ಕಂಡಕ್ಟರನ ಕೂಗು, ವಿದ್ಯಾನಗರದಲ್ಲಿದ್ದ ನಮ್ಮ ಸೋದರತ್ತೆ ಮೂಗಿನಲ್ಲಿ ಅಪ್ಪಣೆ ಕೊಡುವ ರೀತಿ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಅಪ್ಪ ಕೂಡ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರು.

ಆ ದೀಪಾವಳಿಯ ಹೊತ್ತಿಗೆ ಅವಳ ಅಕ್ಷರ ಕೆಟ್ಟಿತು. ದುಂಡಗೆ ಬರೆಯುತ್ತಿದ್ದವಳ ನೋಟ್‌ಬುಕ್ಕಿನಲ್ಲಿ ಸಾಲುಗಳು ಎತ್ತ ಬೇಕೋ ಅತ್ತ ಹೋಗತೊಡಗಿದವು. ಲೋಟ ಹಿಡಿದರೆ ಕಾಫಿ ತುಳುಕುತ್ತಿತ್ತು. ಕಾಲೇಜಿನ ಮೇಷ್ಟ್ರು ಸೋಮಾರಿತನ ಅಂದರು, ಅತ್ತೆ ದೃಷ್ಟಿ ತಗುಲಿದೆ ಎಂದು ದಾರ ಕಟ್ಟಿಸಿದರು, ನಾನು ಪರೀಕ್ಷೆಯ ಭಯ ಅಂದೆ. ಕೊನೆಗೆ ಕನ್ನಡಕ ಬೇಕೇನೋ ಎಂದು ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಅವರು ದೀಪ ಹಾಕಿ ನೋಡಿ, ಮತ್ತೆ ನೋಡಿ, ಕಪ್ಪು ಗುಡ್ಡೆಯ ಸುತ್ತ ಕಂದು ಬಣ್ಣದ ಉಂಗುರ ಇದೆ ಅಂದರು. ಚೀಟಿ ಬರೆದು ವಿನೋಬನಗರದ ಡಾಕ್ಟರ ಹತ್ತಿರ ಕಳಿಸಿದರು. ಅವರು ಬೆಂಗಳೂರಿನಲ್ಲಿ ಟೆಸ್ಟ್ ಮಾಡಿಸಿದರು. ಸಂಕ್ರಾಂತಿಯ ಹೊತ್ತಿಗೆ ಕಾಯಿಲೆಗೆ ಹೆಸರು ಸಿಕ್ಕಿತು: ವಿಲ್ಸನ್ ಕಾಯಿಲೆ. ನಮ್ಮ ಮನೆಯಲ್ಲಿ ಅದು ತಾಮ್ರದ ಕಾಯಿಲೆ ಆಯಿತು.

“ನಾವು ತಿನ್ನೋ ಎಲ್ಲದ್ರಲ್ಲೂ ಚೂರುಪಾರು ತಾಮ್ರ ಇರುತ್ತೆ” ಎಂದು ಡಾಕ್ಟರು ವಿವರಿಸಿದರು. “ಹೆಚ್ಚಾಗಿದ್ದನ್ನ ಲಿವರ್ ಹೊರಗೆ ಹಾಕುತ್ತೆ. ಇವಳ ಲಿವರ್ ಹಾಕಲ್ಲ. ಅದು ಅಲ್ಲೇ ಕೂತ್ಕೊಳುತ್ತೆ, ಆಮೇಲೆ ಮೆದುಳಿಗೆ ಹೋಗುತ್ತೆ. ಹುಟ್ಟಿದಾಗ್ಲಿಂದ ಬಂದಿದ್ದು. ಅಪ್ಪ ಅಮ್ಮ ಇಬ್ರ ಕಡೆಯಿಂದಾನೂ ಬಂದ್ರೆ ಮಾತ್ರ ಹೀಗಾಗೋದು.” ಈ ಕೊನೆಯ ಮಾತನ್ನು ಅತ್ತೆ ಕೊನೆಯವರೆಗೂ ಒಪ್ಪಲಿಲ್ಲ. ನಮ್ಮ ವಂಶದಲ್ಲಿ ಇಂಥದ್ದಿಲ್ಲ, ನಿನ್ನ ಹೆಂಡತಿಯ ಕಡೆಯದ್ದೇ ಇರಬೇಕು ಎಂದು ಅಪ್ಪನಿಗೆ ಹೇಳಿ ಕೈತೊಳೆದುಕೊಂಡರು. ಅಕ್ಕತಂಗಿಯರಿಗೂ ಇರಬಹುದು ಎಂದು ಡಾಕ್ಟರು ನನ್ನನ್ನೂ ಪರೀಕ್ಷೆ ಮಾಡಿಸಿದರು. ನನಗೆ ಇರಲಿಲ್ಲ. ಆ ರಿಪೋರ್ಟ್ ಕೈಗೆ ಬಂದಾಗ ಸಂತೋಷ ಆಯಿತು, ಸಂತೋಷ ಆಯಿತಲ್ಲ ಎಂದು ನನ್ನ ಮೇಲೇ ಅಸಹ್ಯವೂ ಆಯಿತು.

ಔಷಧಿಯ ಹೆಸರು ಪೆನಿಸಿಲಮೈನ್. ಕ್ಯಾಪ್ಸೂಲು. ಬಾಟಲಿಯ ಮುಚ್ಚಳ ತೆಗೆದರೆ ಗಂಧಕದಂಥ ಕೆಟ್ಟ ವಾಸನೆ. ಡಾಕ್ಟರು ಅದನ್ನು ಮೇಜಿನ ಮೇಲಿಟ್ಟುಕೊಂಡು ಅಪ್ಪನ ಕಡೆ ಬೆರಳು ತೋರಿಸಿ ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ. “ದಿನಕ್ಕೆ ಎರಡು ಸಲ, ಖಾಲಿ ಹೊಟ್ಟೇಲಿ. ತಿನ್ನೋಕೆ ಒಂದು ಗಂಟೆ ಮುಂಚೆ, ಇಲ್ಲಾ ತಿಂದು ಎರಡು ಗಂಟೆ ಆದ್ಮೇಲೆ. ಹಾಲು, ಕಾಫಿ, ಕಬ್ಬಿಣದ ಟಾನಿಕ್ಕು ಯಾವ್ದೂ ಜೊತೆಗೆ ಬೇಡ, ಬರೀ ನೀರು. ಈ ಚಿಕ್ಕ ವಿಟಮಿನ್ ಮಾತ್ರೇನೂ ತಪ್ಪಿಸ್ಬೇಡಿ. ನಾನು ಹೇಳಿದಾಗೆಲ್ಲ ರಕ್ತ, ಮೂತ್ರ ಟೆಸ್ಟ್ ಮಾಡಿಸ್ಬೇಕು. ಜ್ವರ ಬಂದ್ರೆ, ಗಂಟಲು ನೋವು ಬಂದ್ರೆ, ಮೈಮೇಲೆ ಗಂಧೆ ಎದ್ರೆ ಅವತ್ತೇ ಕರ್ಕೊಂಡು ಬರ್ಬೇಕು. ಮತ್ತೆ, ನನ್ನ ಕೇಳ್ದೆ ಒಂದು ದಿನಾನೂ ನಿಲ್ಸೋ ಹಾಗಿಲ್ಲ. ಹುಷಾರಾದ್ಲು ಅಂತಾನೂ ನಿಲ್ಸೋ ಹಾಗಿಲ್ಲ. ಜೀವ ಇರೋವರೆಗೂ ಇದು.”

“ನಿಲ್ಸಿದ್ರೆ?” ಎಂದು ಅಮ್ಮ ಕೇಳಿದಳು.

“ನಿಲ್ಸಿದ್ರೆ ಹೋಗ್ತಾಳಮ್ಮ” ಎಂದರು ಡಾಕ್ಟರು.

ಅವತ್ತು ಮನೆಗೆ ಬಂದವರೇ ನಾನು, ಅಮ್ಮ ಸೇರಿ ತಾಮ್ರದ ಕೊಡ, ಚೊಂಬು, ಹಂಡೆ ಎಲ್ಲವನ್ನೂ ಅಟ್ಟಕ್ಕೆ ಹಾಕಿದೆವು. ಹಾಕುವ ಮುಂಚೆ ಅಮ್ಮ ಅವನ್ನೆಲ್ಲ ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವಂತೆ ತಿಕ್ಕಿದಳು. ಅಟ್ಟ ಸೇರುವ ವಸ್ತುವಿಗೆ ಅಷ್ಟು ಸಿಂಗಾರ ಯಾಕೆ ಎಂದು ನಾನು ಕೇಳಿದ್ದಕ್ಕೆ ಅವಳಿಗೆ ಅಳು ಬಂತು. ಅಪ್ಪನಂತೂ ಅವರಪ್ಪನ ಕಾಲದಿಂದ ಬಂದ ತಾಮ್ರದ ತೀರ್ಥದ ಪಾತ್ರೆಯನ್ನೇ ತೆಗೆದಿಟ್ಟು ಬೆಳ್ಳಿಯ ಬಟ್ಟಲಿನಲ್ಲಿ ಪೂಜೆ ಶುರು ಮಾಡಿದರು. ಯಾರೂ ಹೇಳಿರಲಿಲ್ಲ, ತಾವೇ ಮಾಡಿದರು. ಇದನ್ನು ಇಲ್ಲಿ ಬರೆಯಲೇಬೇಕು. ಮುಂದೆ ಅಪ್ಪನ ಬಗ್ಗೆ ನಾನು ಬರೆಯುವುದನ್ನು ಓದಿ ಅವರು ಮಗಳ ಮೇಲೆ ಪ್ರೀತಿಯಿಲ್ಲದ ಮನುಷ್ಯ ಎಂದುಕೊಂಡರೆ ಅದು ತಪ್ಪಾಗುತ್ತದೆ. ಪ್ರೀತಿಯಿತ್ತು. ಪ್ರೀತಿ ಇದ್ದೂ ಹೀಗಾಯಿತಲ್ಲ ಎಂಬುದೇ ನನ್ನ ಸಿಟ್ಟು.

ಮಾತ್ರೆಯನ್ನು ದೇವರ ಮನೆಯಲ್ಲಿ ಇಡೋಣ ಎಂದವಳು ನಾನು. ಯಾರ ತಲೆಗೂ ಕಟ್ಟುವ ಹಾಗಿಲ್ಲ. ಖಾಲಿ ಹೊಟ್ಟೆ ಎಂದು ಡಾಕ್ಟರು ಅಷ್ಟು ಒತ್ತಿ ಹೇಳಿದ್ದರಲ್ಲ, ನಮ್ಮ ಮನೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಒಂದು ದಿನವೂ ತಪ್ಪದೆ ನಡೆಯುತ್ತಿದ್ದ ಕೆಲಸವೆಂದರೆ ಅಪ್ಪನ ಪೂಜೆ ಒಂದೇ. ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗುವ ಹೊತ್ತಿಗೆ ಮಂಗಳಾರತಿ ಆಗಿರುತ್ತಿತ್ತು. ಸಂಜೆ ದೀಪ ಹಚ್ಚಿ ಇನ್ನೊಂದು ಪೂಜೆ, ಅದಾಗಿ ಒಂದು ಗಂಟೆಯ ಮೇಲೆ ಊಟ. ಮಾತ್ರೆ ದೇವರ ಹತ್ತಿರವೇ ಇದ್ದರೆ ಅಪ್ಪ ತೀರ್ಥ ಕೊಡುವಾಗ ಮರೆಯದೆ ಕೊಡುತ್ತಾರೆ ಅಂದೆ. ಎಂಥಾ ಬುದ್ಧಿ ಮಾರಾಯ್ತಿ ನಿಂದು ಎಂದು ಅಮ್ಮ ಹೊಗಳಿದಳು. ನನಗೂ ಹೆಮ್ಮೆಯಾಯಿತು. ಅವತ್ತಿನಿಂದ ಕ್ಯಾಪ್ಸೂಲಿನ ಬಾಟಲಿ ಗಣಪತಿಯ ಪಕ್ಕದಲ್ಲಿ, ವಿಭೂತಿ ಭರಣಿಯ ಹಿಂದೆ ಕೂತಿತು. ದೇವರ ಮನೆಯಲ್ಲಿ ಇದ್ದ ಮೇಲೆ ಅದಕ್ಕೂ ಮಡಿ ಬಂತು. ಸ್ನಾನ ಮಾಡಿ ಮಡಿ ಉಟ್ಟ ಅಪ್ಪ ಬಿಟ್ಟರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಸವಿತ ಹೊಸ್ತಿಲಿನಲ್ಲಿ ನಿಂತು ಕೈಯೊಡ್ಡುತ್ತಿದ್ದಳು, ಅಪ್ಪ ಮೊದಲು ತೀರ್ಥ ಆಮೇಲೆ ಮಾತ್ರೆ ಹಾಕುತ್ತಿದ್ದರು, ಅಮ್ಮ ಸ್ಟೀಲ್ ಲೋಟದಲ್ಲಿ ನೀರು ಹಿಡಿದು ನಿಂತಿರುತ್ತಿದ್ದಳು.

ಫೆಬ್ರವರಿಯಲ್ಲಿ ಅವಳಿಗೆ ಒಂದು ಜ್ವರ ಬಂತು. ಕುತ್ತಿಗೆಯ ಮೇಲೆ, ತೋಳಿನ ಮೇಲೆ ಕೆಂಪು ಗಂಧೆ. ಅವತ್ತೇ ಕರೆತನ್ನಿ ಎಂದಿದ್ದರು ಡಾಕ್ಟರು. ಅಪ್ಪನಿಗೆ ಉಗ್ರಾಣದಲ್ಲಿ ತಪಾಸಣೆಯ ಕೆಲಸ, ನಾಳೆ ನೋಡೋಣ ಅಂದರು, ಮಾರನೆಯ ದಿನಕ್ಕೆ ಇಳಿಯಿತು. ಮಾರ್ಚಿನಲ್ಲಿ ಮತ್ತೆ ಬಂತು, ಎರಡೇ ದಿನ. ರಕ್ತಪರೀಕ್ಷೆಗೆ ಹೋದಾಗ ಡಾಕ್ಟರು ಜ್ವರಗಿರ ಏನಾದ್ರೂ ಎಂದು ಕೇಳಿದರೆ ಅಪ್ಪ ಇಲ್ಲ ಅಂದರು. ಎರಡು ದಿನದಲ್ಲಿ ಹೋಗುವ ಜ್ವರವನ್ನು ಅವರು ಜ್ವರ ಎಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸವಿತ ಪಕ್ಕದಲ್ಲೇ ಕೂತಿದ್ದಳು, ದೊಡ್ಡವರು ಇಲ್ಲ ಎಂದ ಮೇಲೆ ಅವಳೂ ಸುಮ್ಮನಿದ್ದಳು. ಮಧ್ಯೆ ಕೈನಡುಕ ಅಷ್ಟಿಷ್ಟು ಇಳಿದಿತ್ತು, ಅಕ್ಷರ ಸಾಲಿಗೆ ಬರುತ್ತಿತ್ತು, ಪರೀಕ್ಷೆಯನ್ನೂ ಬರೆದಳು. ಏಪ್ರಿಲಿನಲ್ಲಿ ಮೂರನೇ ಸಲ ಜ್ವರ. ಮೇ ತಿಂಗಳಲ್ಲಿ ನಾಲ್ಕನೇ ಸಲ ಬಂದಾಗ ಗಂಧೆ ಮುಖದವರೆಗೂ ಹತ್ತಿತ್ತು, ಭದ್ರಾವತಿಯ ಬಿಸಿಲು ತಾರಸಿಯನ್ನು ಬಾಣಲೆ ಮಾಡಿತ್ತು, ಅದೇ ದಿನ ವಿದ್ಯಾನಗರದ ಅತ್ತೆ ಬಂದಿಳಿದರು.

ಅತ್ತೆ ಸವಿತಳ ಹಣೆ ಮುಟ್ಟಿ ನೋಡಿದರು. “ಪ್ರತಿ ತಿಂಗಳೂ ಹೀಗೇ ಆಗ್ತಿದ್ಯಾ? ಏನೋ ನೀನು, ಕಣ್ಣಿಲ್ವಾ ನಿಂಗೆ? ಆ ಇಂಗ್ಲಿಷ್ ಮಾತ್ರೆ ಹುಡುಗೀನ ಒಳಗಿಂದ ಸುಡ್ತಾ ಇದೆ. ಬರೀ ಉಷ್ಣ. ನಿಲ್ಸು ಅದನ್ನ” ಎಂದು ಅಪ್ಪನಿಗೆ ಹೇಳಿದರು.

“ಡಾಕ್ಟ್ರು ನಿಲ್ಸಬೇಡಿ ಅಂದಿದಾರೆ, ಅಕ್ಕ.”

“ಡಾಕ್ಟ್ರು ಬಂದು ನೋಡಿದಾರಾ ಈ ಮುಖಾನ? ಒಂದು ತಿಂಗಳು ನಿಲ್ಸಿ ನೋಡು. ಜ್ವರ ಬಂದ್ರೆ ನನ್ನ ಹೆಸರು ಬದಲಾಯ್ಸು.”

ನಿಲ್ಲಿಸಿದರು. ಜೂನಿನಲ್ಲಿ ಜ್ವರ ಬರಲಿಲ್ಲ. ಜುಲೈನಲ್ಲೂ ಬರಲಿಲ್ಲ. ಗಂಧೆ ಹೋಯಿತು, ಮುಖ ತುಂಬಿಕೊಂಡಿತು. ಅತ್ತೆಯ ಮಾತು ನಿಜವೇ ಆಯಿತಲ್ಲ! ಡಾಕ್ಟರ ಹತ್ತಿರ ಹೋಗುವುದೂ ನಿಂತಿತು, ಬೈಯುತ್ತಾರೆ ಎಂದು. ನಾನು? ನಾನು ಒಂದು ಸಲ “ಡಾಕ್ಟ್ರನ್ನ ಕೇಳ್ಬೇಕಿತ್ತು ಅಲ್ವಾ” ಎಂದೆ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದೆ. ಅಷ್ಟೇ ನನ್ನ ಹೋರಾಟ. ಬೇರೆಯವರ ಮೇಲೆ ಕೂಗಾಡುವಾಗೆಲ್ಲ ನನಗೆ ಈ ಬಸ್ಸು ನೆನಪಾಗುತ್ತದೆ.

ಶ್ರಾವಣದಲ್ಲಿ ಮಳೆ ಹಿಡಿಯಿತು. ಕಾರ್ಖಾನೆಯ ಹೊಗೆ ಮೇಲೆ ಹೋಗಲಾರದೆ ಕ್ವಾರ್ಟರ್ಸಿನ ಸಾಲಿನ ಮೇಲೇ ಮಲಗಿರುತ್ತಿತ್ತು, ಒಣಹಾಕಿದ ಬಟ್ಟೆಯೆಲ್ಲ ಮಸಿ ವಾಸನೆ. ಆ ಮಳೆಯಲ್ಲಿ ಸವಿತಳ ಮಾತು ತೊದಲತೊಡಗಿತು. ಮೊದಲು ನಾವು ಅವಳು ಯಾರನ್ನೋ ಅಣಕಿಸುತ್ತಿದ್ದಾಳೆ ಎಂದುಕೊಂಡೆವು. ನಾನು ನಕ್ಕೆ ಕೂಡ. ಅವಳು ನಗಲಿಲ್ಲ. ವಾರದಲ್ಲಿ ಬಾಯಿಯ ಒಂದು ಬದಿಯಿಂದ ಜೊಲ್ಲು ಇಳಿಯತೊಡಗಿತು, ಕರ್ಚೀಫು ಹಿಡಿದೇ ಕೂರುತ್ತಿದ್ದಳು. ಕೈನಡುಕ ಮೊದಲಿಗಿಂತ ದುಪ್ಪಟ್ಟಾಯಿತು. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಳು. ಸೆಲ್ವಿಯಕ್ಕ ಆಟೋದಲ್ಲಿ ಮನೆಗೆ ತಂದು ಇಳಿಸಿದಳು. “ಈ ಪೊಣ್ಣಿಗೆ ಏನು ಮಾಡ್ತಾ ಇದೀರಿ ನೀವೆಲ್ಲ ಸೇರಿ?” ಎಂದು ಬಾಗಿಲಲ್ಲೇ ನಿಂತು ಅಮ್ಮನನ್ನು ಕೇಳಿದಳು. ಆ ವರ್ಷ ನಮ್ಮ ಮನೆಯಲ್ಲಿ ಯಾರಾದರೂ ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು.

ಮಾರನೆಯ ದಿನ ರಜೆ ಹಾಕಿ ನಾನೇ ಅವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೊರಟೆ. ಅಮ್ಮ ಜೊತೆಗೆ ಬಂದಳು. ಡಾಕ್ಟರು ಸವಿತಳನ್ನು ನೋಡಿದ ಕೂಡಲೇ ಪೆನ್ನು ಕೆಳಗಿಟ್ಟರು.

“ಯಾವಾಗ ನಿಲ್ಸಿದ್ರಿ?”

“ಮೇ ತಿಂಗಳಲ್ಲಿ” ಎಂದೆ.

ಅವರು ಕೂಗಾಡಿದರು. ಹೊರಗೆ ಕೂತ ರೋಗಿಗಳೆಲ್ಲ ಕೇಳಿಸಿಕೊಳ್ಳುವಷ್ಟು. ಲಿವರ್ ಕೈಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಹೆಣ ಎತ್ತಬೇಕಿತ್ತು ಎಂದರು. ನನಗೆ ಅದು ಬೇಕಾಗಿತ್ತು, ಯಾರಾದರೂ ನಮ್ಮನ್ನು ಹಾಗೆ ಬೈಯಬೇಕಾಗಿತ್ತು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು, “ಪ್ರತಿ ತಿಂಗಳೂ ಜ್ವರ ಬರ್ತಿತ್ತು ಡಾಕ್ಟ್ರೇ. ಮೈಯೆಲ್ಲ ಗಂಧೆ. ಅದಕ್ಕೇ...” ಅಂದಳು.

ಡಾಕ್ಟರು ಕೆಳಗಿಟ್ಟ ಪೆನ್ನನ್ನು ಮತ್ತೆ ಎತ್ತಿಕೊಂಡರು. “ಪ್ರತಿ ತಿಂಗಳಾ? ತಪ್ಪದೇ?”

“ಹೂಂ.”

“ಮಧ್ಯೆ ಮಾತ್ರೆ ಬಿಟ್ಟು ಬಿಟ್ಟು ಕೊಡ್ತಿದ್ರಾ?”

“ದೇವರಾಣೆ ಇಲ್ಲ. ಅವರಪ್ಪನೇ ದೇವರ ಮನೇಲಿಟ್ಟು, ದಿನಾ ಎರಡು ಹೊತ್ತೂ ಕೈಯಾರೆ ಕೊಡ್ತಿದ್ರು” ಎಂದಳು ಅಮ್ಮ. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅದನ್ನು ಪೂರ್ತಿ ನಂಬಿದ್ದಳು.

ಆಗ ಸವಿತ ಕರ್ಚೀಫು ಬಾಯಿಂದ ತೆಗೆದಳು. “ನಾಲ್ಕು... ದಿನ” ಎಂದಳು.

ಅಮ್ಮ ಮೇಜಿನ ಕೆಳಗೆ ಅವಳ ತೊಡೆ ಚಿವುಟಿದ್ದನ್ನು ನಾನು ಕಣ್ಣಾರೆ ನೋಡಿದೆ. ಡಾಕ್ಟರು ಯಾವ ನಾಲ್ಕು ದಿನ ಎಂದು ಕೇಳಿದರು. ಅಮ್ಮ ನೆಲ ನೋಡಿದಳು. ಸವಿತ ನನ್ನನ್ನು ನೋಡಿದಳು. ಆಗ ಹೊಳೆಯಿತು ನನಗೆ. ತಿಂಗಳಿಗೆ ನಾಲ್ಕು ದಿನ ಸವಿತ ಹೊರಗಾಗುತ್ತಿದ್ದಳು. ಹೊರಗಾದವಳು ಹಿಂದಿನ ವರಾಂಡದಲ್ಲಿ ಚಾಪೆ, ತಟ್ಟೆ, ಲೋಟ ಬೇರೆ ಮಾಡಿಕೊಂಡು ಕೂರಬೇಕು. ದೇವರ ಮನೆಯ ಹೊಸ್ತಿಲಿಗೆ ಬರುವ ಹಾಗಿಲ್ಲ. ಮಾತ್ರೆ ಗಣಪತಿಯ ಪಕ್ಕದಲ್ಲಿದೆ. ಅಪ್ಪ ಪೂಜೆ ಮುಗಿಸಿ ನೋಡುತ್ತಾರೆ, ಹೊಸ್ತಿಲಿನಲ್ಲಿ ಮಗಳಿಲ್ಲ, ಯಾಕೆ ಎಂದು ಕೇಳುವ ಹಾಗಿಲ್ಲ, ಅವರು ಗಂಡಸು. ಸವಿತ ಕೂಗಿ ಕೇಳುವ ಹಾಗಿಲ್ಲ, ಅವಳು ಹೆಣ್ಣು. ಅಮ್ಮ ತಂದುಕೊಡುವ ಹಾಗಿಲ್ಲ, ದೇವರ ಹತ್ತಿರ ಇದ್ದದ್ದು ಮೈಲಿಗೆಗೆ ತಾಗಿದರೆ ಬಾಟಲಿಯೆಲ್ಲ ಕೆಡುತ್ತದೆ ಎಂದು ಅವಳ ನಂಬಿಕೆ. ನಾಲ್ಕು ದಿನ ತಾನೆ! ಐದನೆಯ ದಿನ ತಲೆಗೆ ಸ್ನಾನ ಮಾಡಿ ಬಂದು ಕೈಯೊಡ್ಡಿದರೆ ಆಯಿತು. ನಾನು ಇದನ್ನೆಲ್ಲ ನೋಡಿರಲಿಲ್ಲ ಎಂದರೆ ಸುಳ್ಳು. ದಿನಾ ಅದೇ ವರಾಂಡ ದಾಟಿಕೊಂಡು ಬಚ್ಚಲಿಗೆ ಹೋಗುತ್ತಿದ್ದೆ. ನನಗೂ ಆ ನಾಲ್ಕು ದಿನಗಳಿದ್ದವು. ಅಷ್ಟು ಮಾಮೂಲಾಗಿತ್ತು ಅದು, ಕಣ್ಣೆದುರು ಇದ್ದರೂ ಕಾಣಿಸುತ್ತಿರಲಿಲ್ಲ.

“ಅವಳು ಮುಟ್ಟಾದಾಗ ಮಾತ್ರೆ ಕೊಡ್ತಿರ್ಲಿಲ್ಲ ಸಾರ್” ಎಂದು ಹೇಳಿದೆ. ಗಂಡಸರ ಎದುರಿಗೆ ಆ ಪದ ನಾನು ಆಡಿದ್ದು ಅದೇ ಮೊದಲು. ಹೇಳಿ ನೋಡಿದರೆ ಆಕಾಶವೇನೂ ಬೀಳಲಿಲ್ಲ.

ಡಾಕ್ಟರು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಈ ಔಷಧಿಯನ್ನು ಮಧ್ಯೆ ಕೆಲವು ದಿನ ಬಿಟ್ಟು ಮತ್ತೆ ಅದೇ ಡೋಸಿನಲ್ಲಿ ಶುರು ಮಾಡಿದರೆ ಕೆಲವರ ಮೈ ಅದನ್ನು ಒಪ್ಪುವುದಿಲ್ಲ, ಜ್ವರ, ಗಂಧೆ ಬರುತ್ತದೆ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಜ್ವರ ತರಿಸಿದ್ದು ಮಾತ್ರೆ ಕೊಟ್ಟದ್ದಲ್ಲ, ತಪ್ಪಿಸಿ ಕೊಟ್ಟದ್ದು. “ಮೊದಲನೇ ಜ್ವರಕ್ಕೇ ಬಂದಿದ್ರೆ ಅವತ್ತೇ ಗೊತ್ತಾಗಿರೋದು” ಎಂದರು. ಆಮೇಲೆ ಸವಿತಳ ಕಡೆ ತಿರುಗಿ, “ನೀನಾದ್ರೂ ಹೇಳ್ಬಾರ್ದಿತ್ತೇನಮ್ಮ?” ಎಂದರು.

ಅವಳು ಕರ್ಚೀಫನ್ನು ಮತ್ತೆ ಬಾ‌ಯಿಗೆ ಹಿಡಿದಳು. ಯಾರಿಗೆ ಹೇಳಬೇಕಿತ್ತು ಅವಳು?

ಸಂಜೆ ಮನೆಗೆ ಬಂದಾಗ ಅಪ್ಪ ಆಗಷ್ಟೇ ಕೆಲಸದಿಂದ ಬಂದು ಕೂತಿದ್ದರು. ನಾನು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಕಿತ್ತು ತಂದು ಅವರ ಮುಂದೆ ಹಾಸಿದೆ. ಅಮ್ಮ ನಮ್ಮಿಬ್ಬರ ದಿನಗಳಿಗೂ ಅದರಲ್ಲಿ ಪೆನ್ಸಿಲಿನಿಂದ ಸಣ್ಣ ಚುಕ್ಕೆ ಇಡುತ್ತಿದ್ದಳು. ಸವಿತಳ ಚುಕ್ಕೆಗಳ ಮುಂದೆ ಜ್ವರ ಬಂದ ದಿನಗಳನ್ನು ನಾನು ಕೆಂಪು ಪೆನ್ನಿನಲ್ಲಿ ಸುತ್ತುಹಾಕುತ್ತ ಹೋದೆ. ಫೆಬ್ರವರಿ, ಮಾರ್ಚ್, ಏಪ್ರಿಲ್, ಮೇ. ಪ್ರತಿ ಸಲವೂ ಚುಕ್ಕೆಯಾಗಿ ಒಂದು ವಾರದೊಳಗೆ ಜ್ವರ. “ನೋಡಿ. ಉಗ್ರಾಣದಲ್ಲಿ ಒಂದು ಬೋಲ್ಟು ಕಮ್ಮಿಯಾದ್ರೆ ನಿಮಗೆ ಗೊತ್ತಾಗುತ್ತೆ. ಮಗಳು ತಿಂಗಳಿಗೆ ನಾಲ್ಕು ದಿನ ಹೊಸ್ತಿಲಿಗೆ ಬರ್ಲಿಲ್ಲ ಅಂತ ಗೊತ್ತಾಗ್ಲಿಲ್ವಾ? ಎಲ್ಲಿದಾಳೆ ಅಂತ ಒಂದು ಸಲ ಕೇಳೋಕಾಗ್ಲಿಲ್ವಾ?” ಎಂದು ಕೂಗಿದೆ. ಅಮ್ಮ ಮೆಲ್ಲಗೆ ಮಾತಾಡು, ಪಕ್ಕದ ಮನೆಗೆ ಕೇಳುತ್ತೆ ಎಂದಳು. ಕೇಳಲಿ ಎಂದು ಇನ್ನೂ ಜೋರು ಮಾಡಿದೆ. ಮಾತ್ರೆ ಅಲ್ಲಿಡೋಣ ಎಂದವಳು ನಾನೇ ಎಂದೂ ಕೂಗಿದೆ. ಅಪ್ಪ ಕ್ಯಾಲೆಂಡರನ್ನು ಬಹಳ ಹೊತ್ತು ನೋಡಿದರು. ಆ ಚುಕ್ಕೆಗಳು ಏನೆಂದು ಅವರಿಗೆ ಅವತ್ತಿನವರೆಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಡಾಕ್ಟರು ಮಾತ್ರೆಯನ್ನು ಮೊದಲಿನಿಂದ ಶುರು ಮಾಡಿಸಿದರು. ತೀರ ಸಣ್ಣ ಡೋಸು, ಅಲರ್ಜಿಗೆ ಇನ್ನೊಂದು ಮಾತ್ರೆ, ಪದೇಪದೇ ರಕ್ತಪರೀಕ್ಷೆ, ಸ್ವಲ್ಪ ಸ್ವಲ್ಪವೇ ಏರಿಸುವುದು. ನಡುಕ ಇಳಿಯಿತು, ಆದರೆ ತಿಂಗಳುಗಟ್ಟಲೆ ಹಿಡಿಯಿತು. ಜೊಲ್ಲು ನಿಂತಿತು. ಮಾತು ಮಾತ್ರ ಪೂರ್ತಿ ವಾಪಸ್ ಬರಲಿಲ್ಲ. ಸವಿತ ಇವತ್ತಿಗೂ ಒಂದೊಂದೇ ಪದವನ್ನು ಎತ್ತಿಟ್ಟ ಹಾಗೆ ಮಾತಾಡುತ್ತಾಳೆ, ಫೋನಿನಲ್ಲಿ ಗೊತ್ತಿಲ್ಲದವರು ಅರ್ಧಕ್ಕೇ ಇಟ್ಟುಬಿಡುತ್ತಾರೆ. ಅಣಕಿಸುವುದನ್ನು ಆ ಶ್ರಾವಣದಲ್ಲೇ ಬಿಟ್ಟಳು. ಅತ್ತೆ ನೋಡಲು ಬಂದವರು, “ಎಲ್ಲಾ ಹಣೆಬರಹ” ಎಂದು ಕಣ್ಣೊರೆಸಿಕೊಂಡರು. ಹಣೆಬರಹ ಅಲ್ಲ, ನೀವು ಬರೆದದ್ದು, ನಾವು ಸಹಿ ಹಾಕಿದ್ದು ಎಂದು ಹೇಳಿದೆ. ಅವರು ಆಮೇಲೆ ಎರಡು ವರ್ಷ ನನ್ನ ಜೊತೆ ಮಾತಾಡಲಿಲ್ಲ. ನನಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಹೊಸ ಬಾಟಲಿ ಬಂದ ದಿನ ಅದನ್ನು ಸವಿತಳ ಹಾಸಿಗೆಯ ಪಕ್ಕದ ಕಿಟಕಿಯಲ್ಲಿಡಲು ಹೋದೆ. ಇನ್ನು ಯಾರ ಹಂಗೂ ಬೇಡ, ನೀನೇ ತೆಗೆದುಕೋ, ಕೈ ನಡುಗಿದರೆ ನಾನು ಕೊಡುತ್ತೇನೆ ಅಂದೆ. ಅವಳು ತಲೆಯಾಡಿಸಿದಳು.

“ಅಲ್ಲೇ ಇಡು.”

“ಎಲ್ಲಿ?”

“ದೇವರ... ಮನೇಲಿ. ಅಪ್ಪನೇ... ಕೊಡ್ಲಿ.”

“ತಲೆ ಕೆಟ್ಟಿದ್ಯೇನೆ? ಮತ್ತೆ ಅದೇ ನಾಲ್ಕು ದಿನ...”

“ಆ ನಾಲ್ಕು ದಿನಾನೂ ಕೊಡ್ಲಿ” ಎಂದಳು. ಅಷ್ಟು ಹೇಳಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ ನನಗೆ ಎದುರು ಮಾತಾಡುವ ಮನಸ್ಸಾಗಲಿಲ್ಲ. ಆದರೆ ಒಂದೇ ಒಂದು ಹೊತ್ತು ತಪ್ಪಿದರೂ ನಾನು ಆ ದೇವರ ಮನೆಯ ಬಾಗಿಲು ಮುರಿಯುತ್ತೇನೆ ಎಂದು ಅಪ್ಪನಿಗೆ ಕೇಳಿಸುವ ಹಾಗೆ ಹೇಳಿದೆ.

ಗೌರಿಹಬ್ಬ ಕಳೆದ ವಾರ ಅವಳು ಹೊರಗಾದಳು. ನಾನು ಬೆಳಿಗ್ಗೆ ಅರ್ಧ ದಿನದ ರಜೆ ಹಾಕಿ ವರಾಂಡದ ಬಾಗಿಲಲ್ಲಿ ಕಾದು ನಿಂತೆ. ಒಳಗೆ ಗಂಟೆಯಾಯಿತು, ಮಂಗಳಾರತಿಯಾಯಿತು. ಸವಿತ ಚಾಪೆಯ ಮೇಲೆ ಕೂತು ಒಳಗಿನ ಬಾಗಿಲನ್ನೇ ನೋಡುತ್ತಿದ್ದಳು. ಸೈರನ್ ಕೂಗಿತು. ಇನ್ನೇನು ನಾನೇ ಒಳಗೆ ನುಗ್ಗಬೇಕು, ಅಷ್ಟರಲ್ಲಿ ಅಪ್ಪ ಮಡಿಪಂಚೆಯಲ್ಲೇ ಬಂದರು. ಬಾಳೆಲೆಯ ಒಂದು ತುಂಡಿನ ಮೇಲೆ ಕ್ಯಾಪ್ಸೂಲು. ಅದನ್ನು ವರಾಂಡದ ಹೊಸ್ತಿಲಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ನನ್ನ ಮೈ ಉರಿಯಿತು. ಸವಿತ ಅಲುಗಲಿಲ್ಲ.

“ತಗೋಳೇ, ಹೊತ್ತಾಯ್ತು” ಎಂದಳು ಅಮ್ಮ ಅಡುಗೆಮನೆಯಿಂದ.

“ಕೈಗೆ... ಕೊಡಿ.”

“ಮಡೀಲಿದೀನಿ ಸವಿ” ಎಂದರು ಅಪ್ಪ. ಅವರ ದನಿ ಬಹಳ ಸಣ್ಣದಾಗಿತ್ತು.

“ನಾನು ಕಾಯಿಲೇಲಿದೀನಿ” ಎಂದಳು ಅವಳು. ಅದೊಂದು ಮಾತು ಮಾತ್ರ ಎಲ್ಲೂ ತೊದಲದೆ ಬಂತು.

ಅಪ್ಪ ನಿಂತೇ ಇದ್ದರು. ಆಮೇಲೆ ಬಗ್ಗಿ ಎಲೆಯ ಮೇಲಿನ ಕ್ಯಾಪ್ಸೂಲು ಎತ್ತಿಕೊಂಡು, ಹೊಸ್ತಿಲು ದಾಟಿ ಚಾಪೆಯವರೆಗೂ ಬಂದು ಅವಳ ಅಂಗೈಗೆ ಹಾಕಿದರು. ಕೈ ನಡುಗಿ ಅದು ಬೀಳುವುದರಲ್ಲಿತ್ತು. ಅಪ್ಪ ಅವಳ ಮಣಿಕಟ್ಟನ್ನು ಹಿಡಿದುಕೊಂಡರು, ಹಿಡಿದು ಬಾಯಿಯವರೆಗೂ ಎತ್ತಿದರು, ಇನ್ನೊಂದು ಕೈಯಿಂದ ಅವಳ ಲೋಟವನ್ನೇ ತೆಗೆದುಕೊಂಡು ನೀರು ಕುಡಿಸಿದರು. ಅವಳು ನುಂಗಿ ಬಾಯಿ ತೆರೆದು ತೋರಿಸಿದಳು. ಅಪ್ಪ ತಲೆಯಾಡಿಸಿ ಎದ್ದು ನೆಟ್ಟಗೆ ಬಚ್ಚಲಿಗೆ ಹೋದರು. ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವ ಸದ್ದು ಕೇಳಿಸಿತು.

ಮಗಳನ್ನು ಮುಟ್ಟಿದ್ದಕ್ಕೆ ಸ್ನಾನ! ಬಚ್ಚಲಿನ ಬಾಗಿಲು ಬಡಿಯಲು ಕೈಯೆತ್ತಿದೆ. ಅವರಿಗೆ ಹೇಳಬೇಕಾದ ಮಾತೆಲ್ಲ ನಾಲಿಗೆಯ ಮೇಲಿತ್ತು.

“ಬಿಡು ಅಕ್ಕ” ಎಂದಳು ಸವಿತ ಹಿಂದಿನಿಂದ. “ಸಂಜೆನೂ... ಮಾಡ್ಲಿ.”

ಸಂಜೆಯೂ ಮಾಡಿದರು. ಮಾರನೆಯ ದಿನವೂ, ಅದರ ಮಾರನೆಯ ದಿನವೂ. ಆ ನಾಲ್ಕು ದಿನದಲ್ಲಿ ಅಪ್ಪ ಎಂಟು ಸಲ ಹೊಸ್ತಿಲು ದಾಟಿ ಬಂದು ಕೈಗೆ ಮಾತ್ರೆ ಕೊಟ್ಟರು, ಎಂಟು ಸಲ ಹೋಗಿ ತಣ್ಣೀರು ಸುರಿದುಕೊಂಡರು. ಆ ಎಂಟು ಸ್ನಾನಗಳನ್ನು ನನಗೆ ಇವತ್ತಿಗೂ ಕ್ಷಮಿಸಲು ಆಗಿಲ್ಲ. ಐದನೆಯ ದಿನ ಸವಿತಳಿಗೆ ಜ್ವರ ಬರಲಿಲ್ಲ. ಅವತ್ತು ನೆಗಡಿಯಾಗಿ ಮಲಗಿದವರು ಅಪ್ಪ.